ಸಹಾಯ ಬೇಕು: ಬೆಳಗ್ಗೆ ಪ್ರೈಮ್ ಮಾಡದೆ ಲಾರಿ ಸ್ಟಾರ್ಟ್ ಆಗುತ್ತಿಲ್ಲ

ಜಮಖಂಡಿ ಕಡೆಯವನು. ಮೊದಲ ಸಲ ಸ್ವಂತ ಲಾರಿ ತಗೊಂಡಿದ್ದೇನೆ. ಸೆಕೆಂಡ್ ಹ್ಯಾಂಡ್, ಹಳೇ ಮೆಕ್ಯಾನಿಕಲ್ ಪಂಪಿನ ಡೀಸೆಲ್ ಗಾಡಿ. ಕಬ್ಬಿನ ಸೀಜನ್ ಹತ್ತಿರ ಬಂತು.

ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಸೆಲ್ಫ್ ಜೋರಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಹಿಡಿಯಲ್ಲ. ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತಿ ಲೈನಿಗೆ ಡೀಸೆಲ್ ತುಂಬಿಸುವ ಚಿಕ್ಕ ಪಂಪ್) ಗಟ್ಟಿಯಾಗುವ ತನಕ ಒತ್ತಿದರೆ ತಕ್ಷಣ ಸ್ಟಾರ್ಟ್. ಆಮೇಲೆ ದಿನವಿಡೀ ತೊಂದರೆಯಿಲ್ಲ, ಲೋಡಿನಲ್ಲೂ ಚೆನ್ನಾಗಿ ಎಳೆಯುತ್ತದೆ.

ಡೀಸೆಲ್ ಫಿಲ್ಟರ್ ಬದಲಿಸಿದೆ. ಡೀಸೆಲಿನಿಂದ ನೀರು ಬೇರ್ಪಡಿಸುವ ವಾಟರ್ ಸೆಪರೇಟರ್ ಖಾಲಿ ಮಾಡಿದಾಗ ಗಾಜಿನ ಲೋಟದ ತಳದಲ್ಲಿ ಸ್ವಲ್ಪ ನೀರು ನಿಂತಿತು, ಅಷ್ಟೇ. ಆದರೆ ಬ್ಲೀಡ್ ಸ್ಕ್ರೂ (ಲೈನಿನ ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿದರೆ ಬೆಳಗ್ಗೆ ನೊರೆನೊರೆ ಡೀಸೆಲ್ ಬರುತ್ತದೆ. ಹೊರಗೆ ಎಲ್ಲೂ ಸೋರಿದ ಗುರುತಿಲ್ಲ.

ಒಬ್ಬ ಮೇಸ್ತ್ರಿ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಮುಖ್ಯ ಪಂಪ್ ಇಳಿಸೋಣ ಅಂತಾರೆ (ಖರ್ಚು ಕೇಳಿ ಸುಮ್ನಾದೆ). ಇನ್ನೊಬ್ಬರು ಟ್ಯಾಂಕಿನಿಂದ ಬರುವ ಪೈಪ್ ಗಾಳಿ ಎಳೀತಿದೆ ಅಂತಾರೆ. ನನಗೂ ಹಾಗೇ ಅನ್ನಿಸುತ್ತದೆ.

ಮುಖ್ಯ ಪಂಪ್ ಬಿಚ್ಚದೆ, ಗಾಳಿ ಸೇರುತ್ತಿರುವುದು ಪೈಪಿನಲ್ಲೋ, ವಾಷರಿನಲ್ಲೋ, ಫೀಡ್ ಪಂಪಿನ (ಟ್ಯಾಂಕಿನಿಂದ ಡೀಸೆಲ್ ಎಳೆಯುವ ಪಂಪ್) ವಾಲ್ವಿನಲ್ಲೋ ಅಂತ ಪತ್ತೆ ಹಚ್ಚೋದು ಹೇಗೆ? ಮೊದಲು ಯಾವುದನ್ನು ನೋಡಲಿ?