5ನೇ ಕ್ಲಾಸ್ ಶುರುವಲ್ಲೇ ಗಣಿತ ಕಷ್ಟ ಆಗ್ತಿದ್ಯಾ? ಟೀಚರ್ ಹತ್ರ ಕೇಳಿ

ಟೀಚರ್: ಮೊದಲ ಕೆಲವು ವಾರ ಹೊಸದೇನೂ ಜಾಸ್ತಿ ಇರಲ್ಲ. ಸ್ಥಾನಬೆಲೆ, ದೊಡ್ಡ ಸಂಖ್ಯೆ ಕೂಡೋದು ಕಳೆಯೋದು, ಮಗ್ಗಿ ರಿವಿಷನ್, ಆಮೇಲೆ ಭಾಗಾಕಾರ, ಭಿನ್ನರಾಶಿ. ಬಿಡುವಾದಾಗ ಉತ್ತರ ಕೊಡ್ತೀನಿ.

ಚಿನ್ನು ಅಮ್ಮ: ಮೇಡಂ, ಮಗ್ಗಿ ಎಷ್ಟರವರೆಗೆ ಬರಬೇಕು? 20?

ಟೀಚರ್: 10ರವರೆಗೆ ತಡವರಿಸದೆ ಬರಲಿ. ಮಧ್ಯದಿಂದ ಕೇಳಿದ್ರೂ ಬರಬೇಕು.

ಪುಟ್ಟನ ಅಮ್ಮ: ಮೇಡಂ ನಮ್ಮವನು ಕೂಡೋದ್ರಲ್ಲಿ ಒಂದೂ ತಪ್ಪು ಮಾಡಲ್ಲ, ಕಳೆಯೋದು ಬಂತು ಅಂದ್ರೆ ಸಾಕು ಪುಟ ತುಂಬಾ ಕೆಂಪು ಗೀಟು. ನಿನ್ನೆ 5002 – 1367ಕ್ಕೆ 4365 ಅಂತ ಬರೆದಿದ್ದಾನೆ. ಅವರಪ್ಪ ಅಜಾಗರೂಕತೆ ಅಂತ ಬೈದ್ರು, ಅಳ್ತಾ ಮಲಗಿದ.

ಟೀಚರ್: ಬೈಯೋದು ಮೊದಲು ನಿಲ್ಲಿಸಿ ಅಮ್ಮಾ, ಇದು ಅಜಾಗರೂಕತೆ ಅಲ್ವೇ ಅಲ್ಲ. ಅವನು ಬರೆದಿದ್ದನ್ನ ಒಂದೊಂದೇ ಮನೆ ನೋಡಿ. 2ರಲ್ಲಿ 7 ಹೋಗಲ್ಲ, ಹಾಗಾಗಿ ತಿರುಗಿಸಿ 7ರಲ್ಲಿ 2 ಕಳೆದ, 5. ಹತ್ತರ ಮನೇಲಿ 6ರಲ್ಲಿ 0, 6. ನೂರರಲ್ಲಿ 3ರಲ್ಲಿ 0, 3. ಸಾವಿರದಲ್ಲಿ 5ರಲ್ಲಿ 1, 4. ಪ್ರತಿ ಮನೇಲೂ ದೊಡ್ಡದರಿಂದ ಚಿಕ್ಕದನ್ನ ಕಳೀತಾನೆ, ಒಂದು ಕಡೇನೂ ಆ ನಿಯಮ ತಪ್ಪಿಲ್ಲ. ಚಿಕ್ಕ ಕ್ಲಾಸಲ್ಲಿ ಯಾರೋ "ದೊಡ್ಡದರಿಂದ ಚಿಕ್ಕದು ಕಳಿ" ಅಂದಿದ್ದನ್ನ ಅಷ್ಟು ಶ್ರದ್ಧೆಯಿಂದ ಹಿಡ್ಕೊಂಡಿದಾನೆ ಪಾಪ. ಮಧ್ಯದಲ್ಲಿ ಎರಡು ಸೊನ್ನೆ ಬಂದ್ರೆ ಪಕ್ಕದ ಮನೆಯಿಂದ ತಗೊಳ್ಳೋಕೆ ಅಲ್ಲೂ ಏನಿಲ್ಲ, ಅಲ್ಲೇ ಮಕ್ಕಳು ಗಾಬರಿ ಆಗೋದು. ಪೆನ್ಸಿಲ್ ಪಕ್ಕಕ್ಕಿಟ್ಟು ಕಡ್ಡಿ ತಗೊಳ್ಳಿ, ಹತ್ತರ ಕಟ್ಟು ಕಟ್ಟಿ, ಹತ್ತು ಕಟ್ಟು ಸೇರಿಸಿ ನೂರರದ್ದು ಒಂದು ಕಟ್ಟು. ಮೊದಲು ಚಿಕ್ಕದು, 102ರಲ್ಲಿ 67 ತೆಗೆಯೋಕೆ ಹೇಳಿ. ನೂರರ ಕಟ್ಟು ಬಿಚ್ಚಿ ಹತ್ತು ಹತ್ತುಗಳು, ಅದರಲ್ಲೊಂದು ಬಿಚ್ಚಿ ಹತ್ತು ಬಿಡಿ, ಅವನ ಕೈಯಲ್ಲೇ ಬಿಚ್ಚಿಸಿ. ಆಮೇಲೆ 5002 ಅಂದ್ರೆ 4 ಸಾವಿರ, 9 ನೂರು, 9 ಹತ್ತು, 12 ಬಿಡಿ ಅಂತ ಅವನೇ ಹೇಳಬೇಕು, ನೀವಲ್ಲ. ಉತ್ತರ 3635. ಇನ್ನೊಂದು, ಬಾಯಲ್ಲಿ ಕೇಳಿ ನೋಡಿ: 1367ರಿಂದ 5002ಕ್ಕೆ ಎಷ್ಟು ಬೇಕು? 33 ಸೇರಿಸಿದ್ರೆ 1400, ಆಮೇಲೆ 600, ಆಮೇಲೆ 3000, ಆಮೇಲೆ 2. ಬಾಯಲ್ಲಿ ಸರಿ ಬಂದು ಬರವಣಿಗೇಲಿ ತಪ್ಪಿದ್ರೆ ತೊಂದರೆ ಇರೋದು ಬರೆಯೋ ಕ್ರಮದಲ್ಲಿ ಅಷ್ಟೇ. ಈಗಲೇ ಸರಿ ಮಾಡಿ, ಭಾಗಾಕಾರದಲ್ಲಿ ಹೆಜ್ಜೆ ಹೆಜ್ಜೆಗೂ ಕಳೀಬೇಕು. ನಾಳೆ ಏನಾಯ್ತು ಹೇಳಿ, ಮರೀಬೇಡಿ.

ಎರಡು ಮಕ್ಕಳ ಅಪ್ಪ: ಮಗ್ಗಿ 20ರವರೆಗೆ ಬೇಕಲ್ವಾ ಮೇಡಂ?

ಟೀಚರ್: ಮೇಲೆ ಓದಿ.

ಗ್ರೂಪ್ ಫಾರ್ವರ್ಡ್ ಅಂಕಲ್: ಎಲ್ಲಾ ಪೋಷಕರಿಗೂ ಉಪಯುಕ್ತ 🙏 11ರಿಂದ ಗುಣಿಸಲು ಎರಡು ಸೆಕೆಂಡ್! 23 × 11, ಎರಡು ಅಂಕಿ ಕೂಡಿಸಿ ಮಧ್ಯ ಇಡಿ, 253!! ಮಕ್ಕಳು ಮಲಗಿದಾಗ ಮಗ್ಗಿ ಆಡಿಯೋ ಹಾಕಿದರೆ ಮೆದುಳಿಗೆ ತಾನೇ ಇಳಿಯುತ್ತದೆ.

ಟೀಚರ್: ಸರ್, ಇದೇ ಮೆಸೇಜ್ ಓದ್ಕೊಂಡು ಬಂದ ಹುಡುಗಿ 78 × 11ಕ್ಕೆ 7158 ಬರೆದಳು. ಉತ್ತರ 858. 15ರ 1 ಪಕ್ಕದ ಮನೆಗೆ ಹೋಗ್ಬೇಕು ಅಂತ ಫಾರ್ವರ್ಡಲ್ಲಿ ಇರಲ್ಲ. ಈ ವಯಸ್ಸಿನ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು, ಆಡಿಯೋ ಹಾಕಿ ಅದನ್ನ ಕೆಡಿಸಬೇಡಿ. ದಯವಿಟ್ಟು.

ಗ್ರೂಪ್ ಫಾರ್ವರ್ಡ್ ಅಂಕಲ್: ಒಳ್ಳೇದಕ್ಕೇ ಕಳಿಸಿದ್ದು ಮೇಡಂ. ನಮ್ಮ ಕಾಲದಲ್ಲಿ 30ರ ಮಗ್ಗಿ, ಕಾಲು ಅರೆ ಮುಕ್ಕಾಲು ಎಲ್ಲಾ ಉರು ಹೊಡೆಸ್ತಿದ್ರು. ಈಗಿನವರಿಗೆ ಯಾವುದೂ ಬೇಡ.

ಎರಡು ಮಕ್ಕಳ ಅಪ್ಪ: ಉರು ಹೊಡೆದವರೆಲ್ಲಾ ಭಿನ್ನರಾಶಿ ಕಲಿತ್ರಾ ಅಂಕಲ್? ಫೋನಲ್ಲಿ ಕ್ಯಾಲ್ಕುಲೇಟರ್ ಇದೆ.

ಗ್ರೂಪ್ ಫಾರ್ವರ್ಡ್ ಅಂಕಲ್: ಆ ಕ್ಯಾಲ್ಕುಲೇಟರ್ ಮಾಡಿದವನೂ ಮಗ್ಗಿ ಕಲಿತವನೇ ಕಣಪ್ಪ.

ಎರಡು ಮಕ್ಕಳ ಅಪ್ಪ: ಈಗ ತಾನೇ 20ರ ಮಗ್ಗಿ ಬೇಕಾ ಅಂತ ನಾನೇ ಕೇಳಿದ್ದು, ನನಗೇ ಪಾಠ ಹೇಳ್ತೀರಲ್ಲ.

ಚಿನ್ನು ಅಮ್ಮ: ಇಬ್ಬರೂ ಬೇರೆ ಕಡೆ ಹೋಗಿ ಜಗಳ ಆಡ್ರಪ್ಪಾ, ನಮ್ಮ ಪ್ರಶ್ನೆ ಎಲ್ಲೋ ಮೇಲೆ ಹೋಗ್ತಿದೆ.

ಮಳೆಹನಿ: ಮೇಡಂ, ಮಗಳು ಪಾಠ ಪಟಪಟ ಓದ್ತಾಳೆ, ಏನು ಓದಿದೆ ಅಂದ್ರೆ ಹೇಳೋಕೆ ಬರಲ್ಲ. ಏನ್ ಮಾಡೋದು?

ಹೊಸ ಸದಸ್ಯ: ಮೇಡಂ, ನನ್ನ ಮಗಳು 1/8 ದೊಡ್ಡದು 1/4 ಚಿಕ್ಕದು ಅಂತಾಳೆ, 8 ದೊಡ್ಡದಂತೆ.

ಟೀಚರ್: ಒಂದೇ ಅಳತೆಯ ಎರಡು ಕಾಗದ ತಗೊಳ್ಳಿ, ಒಂದನ್ನ ನಾಲ್ಕಾಗಿ ಮಡಚಿ, ಇನ್ನೊಂದನ್ನ ಎಂಟಾಗಿ. ಒಂದೊಂದು ತುಂಡು ಕತ್ತರಿಸಿ ಕೈಗೆ ಕೊಡಿ. ನೀವು ಬಾಯಿ ಬಿಡಬೇಡಿ.

ಹೊಸ ಸದಸ್ಯ: ಥ್ಯಾಂಕ್ಸ್. 824 ÷ 4 ಕೂಡ 26 ಬರೀತಾಳೆ...

ಟೀಚರ್: 206. 2ರಲ್ಲಿ 4 ಒಂದು ಸಲಾನೂ ಹೋಗಲ್ಲ ಅಂದ್ರೆ ಆ ಮನೇಲಿ ಸೊನ್ನೆ ಬರೀಬೇಕು, ಜಾಗ ಬಿಡೋ ಹಾಗಿಲ್ಲ. ಬಂದ ಉತ್ತರಾನ 4ರಿಂದ ಗುಣಿಸಿ ನೋಡೋಕೆ ಹೇಳಿ.

ಮಳೆಹನಿ: ನನ್ನ ಪ್ರಶ್ನೆ ಮೇಡಂ?

ಚಿನ್ನು ಅಮ್ಮ: 10ರವರೆಗೆ ಸಾಕು ಅಂದ್ರಿ, 12 ಬೇಡ್ವಾ?

ಟೀಚರ್: ಅಮ್ಮಾ, ನಂಗೆ 41 ನೋಟ್‌ಬುಕ್ ತಿದ್ದೋದಿದೆ.

ಪುಟ್ಟನ ಅಮ್ಮ: ಮೇಡಂ ಬಾಯಲ್ಲಿ ಕೇಳಿದೆ, ಬೆರಳು ಮಡಚಿ ಮಡಚಿ 3635 ಅಂದೇ ಬಿಟ್ಟ!! ಆಮೇಲೆ ನೋಟ್‌ಬುಕ್ ನೋಡಿ, "ಅಮ್ಮ, ಹಾಗಾದ್ರೆ ಎರಡರಲ್ಲಿ ಯಾವುದು ಸುಳ್ಳು?" ಅಂತಾನೆ.

ಟೀಚರ್: ನೀವು ಹೇಳಬೇಡಿ! 4365ಕ್ಕೆ 1367 ಕೂಡೋಕೆ ಹೇಳಿ, 5002 ಬರುತ್ತಾ ಅವನೇ ನೋಡಲಿ. ಕೂಡೋದು ಚೆನ್ನಾಗಿ ಬರುತ್ತೆ ಅಂದ್ರಲ್ಲ. ಕಡ್ಡಿ ಕಟ್ಟು ನಾಳೆ.