ಮಹಡಿ ಮನೆಯಲ್ಲಿ ಮುಧೋಳ ನಾಯಿ: ಸಾಕಿದವರ ಅನುಭವ

ಕೋರಿಕೆ: ಮೈಸೂರಿನಲ್ಲಿ ಎರಡನೆಯ ಮಹಡಿಯಲ್ಲಿ ವಾಸವಾಗಿರುವ ನಾವು ಮುಧೋಳ ತಳಿಯ ಮರಿಯೊಂದನ್ನು ತರಬೇಕೆಂದಿದ್ದೇವೆ. ಮನೆಯವರಿಬ್ಬರೂ ಕೆಲಸಕ್ಕೆ ಹೋಗುವವರು. ಸಾಕಿದವರು ದಯವಿಟ್ಟು ಅನುಭವ ತಿಳಿಸಬೇಕು.

ಧಾರವಾಡದಿಂದ: ಏಳು ವರ್ಷಗಳಿಂದ ನಮ್ಮಲ್ಲಿ ಈ ತಳಿಯ ಹೆಣ್ಣು ನಾಯಿಯಿದೆ. ಮಹಡಿ ಮನೆ ಅಷ್ಟೇನೂ ತೊಡಕಲ್ಲ, ಓಡಲು ಬಯಲಿಲ್ಲದಿರುವುದೇ ತೊಡಕು. ಮೊಲವನ್ನು ವಾಸನೆಯಿಂದಲ್ಲದೆ ಕಣ್ಣಿನಿಂದಲೇ ಗುರುತಿಸಿ ಅಟ್ಟಿಸಿಕೊಂಡು ಹೋಗಲೆಂದು ತಲೆಮಾರುಗಳಿಂದ ಬೆಳೆಸಿಕೊಂಡು ಬಂದ ಬೇಟೆ ನಾಯಿ ಇದಾದ್ದರಿಂದ, ಹಗ್ಗ ಹಿಡಿದು ಬೀದಿ ಸುತ್ತಿಸಿದರೆ ಇದರ ಕಾಲಿನ ಕಸುವು ಕರಗುವುದಿಲ್ಲ. ಬೇಲಿಯಿರುವ ಮೈದಾನದಲ್ಲಿ ದಿನವೂ ಕೆಲವು ನಿಮಿಷ ಮನಸಾರೆ ಓಡಿದ ಮೇಲೆ ನಮ್ಮ ನಾಯಿ ಮನೆಯಲ್ಲಿ ದಿನದ ಬಹುಪಾಲು ಮಲಗಿಯೇ ಇರುತ್ತದೆ; ಮಳೆಯಿಂದಾಗಿ ಎರಡು ದಿನ ಓಟ ತಪ್ಪಿದಾಗ ಮಾತ್ರ ಸೋಫಾದ ದಿಂಬುಗಳು ಉಳಿಯಲಿಲ್ಲ. ಇದರ ತಲೆ ಕುತ್ತಿಗೆಗಿಂತ ಕಿರಿದು. ಒಮ್ಮೆ ಬೆಕ್ಕನ್ನು ಕಂಡೊಡನೆ ಹಿಂದಕ್ಕೆ ಜಗ್ಗಿ, ಸಾಮಾನ್ಯ ಪಟ್ಟಿಯಿಂದ ತಲೆ ನುಣುಚಿಸಿಕೊಂಡು ಓಡಿಬಿಟ್ಟಿತು. ಆರು ತಿಂಗಳು ಕಲಿಸಿದ್ದ ‘ಬಾ’ ಎಂಬ ಮಾತು ಆ ಹೊತ್ತಿನಲ್ಲಿ ಅದರ ಕಿವಿಗೇ ಬೀಳಲಿಲ್ಲ. ಅಂದಿನಿಂದ ಎದೆಗೆ ಕಟ್ಟುವ ಪಟ್ಟಿಯನ್ನೇ ಬಳಸುತ್ತಿದ್ದೇವೆ.

ಬೆಳಗಾವಿಯಿಂದ: ಮೇಲಿನ ಮಾತಿಗೆ ಆರೋಗ್ಯದ ಸಂಗತಿಗಳನ್ನು ಸೇರಿಸುತ್ತೇನೆ. ಮೈಯಲ್ಲಿ ಕೊಬ್ಬು ಕಡಿಮೆ, ಕೂದಲು ಗಿಡ್ಡ, ಚರ್ಮ ತೆಳು. ಆದ್ದರಿಂದ ಚಳಿಗಾಲದಲ್ಲಿ ದಪ್ಪ ಹಾಸಿಗೆ ಬೇಕು. ಪಕ್ಕೆಲುಬು ತುಸು ಕಾಣುವುದು ಸಹಜವಾದರೂ ‘ಊಟ ಹಾಕುವುದಿಲ್ಲವೇ?’ ಎಂದು ನೆರೆಯವರು ಕೇಳುತ್ತಲೇ ಇರುತ್ತಾರೆ, ಅದನ್ನು ಕೇಳಿ ಹೆಚ್ಚು ತಿನ್ನಿಸಬೇಡಿ. ಎದೆ ಆಳವಾಗಿರುವ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿರುವುದರಿಂದ ಊಟವನ್ನು ಎರಡು ಹೊತ್ತಿಗೆ ಹಂಚಿ, ಉಂಡೊಡನೆ ಓಡಿಸದಿರಿ. ಶಸ್ತ್ರಚಿಕಿತ್ಸೆಯಿದ್ದರೆ ಇದು ಬೇಟೆ ನಾಯಿಯ ತಳಿಯೆಂದು ವೈದ್ಯರಿಗೆ ಮೊದಲೇ ತಿಳಿಸಿ. ಕೆಲವು ಅರಿವಳಿಕೆ ಔಷಧಿಗಳ ಅಮಲು ಇವುಗಳಲ್ಲಿ ಬಹಳ ಹೊತ್ತು ಇಳಿಯುವುದಿಲ್ಲ.

ಬಾಗಲಕೋಟೆಯಿಂದ: 2016ರಲ್ಲಿ ಈ ತಳಿಯ ಮರಿಗಳು ತರಬೇತಿಗಾಗಿ ಮೀರತ್‌ನ ಸೇನಾ ಕೇಂದ್ರಕ್ಕೆ ಹೋದ ಮೇಲೆ, ಕಾವಲಿಗೆಂದೇ ಕೊಳ್ಳುವವರನ್ನು ನಾನು ಹೆಚ್ಚಾಗಿ ಕಂಡಿದ್ದೇನೆ. ಅಪರಿಚಿತರನ್ನು ಇದು ದೂರವಿಡುತ್ತದೆ ನಿಜ, ಆದರೆ ಗದರಿ ಹೊಡೆದು ಕಲಿಸಹೊರಟರೆ ಮನೆಯವರಿಂದಲೂ ದೂರ ಸರಿಯುತ್ತದೆ. ಗ್ರೇಹೌಂಡ್ ಬೆರಕೆಯ ಮರಿಗಳನ್ನೂ ಮುಧೋಳವೆಂದೇ ಮಾರುವವರಿದ್ದಾರೆ. ಕೊಳ್ಳುವ ಮುನ್ನ ಮುಧೋಳ ಸಮೀಪದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ನೀವಿಬ್ಬರೂ ಹಗಲಿಡೀ ಹೊರಗಿರುವುದಾದರೆ, ಮರಿಗೆ ಮೊದಲ ಕೆಲವು ತಿಂಗಳು ಜೊತೆಗಿರುವವರು ಯಾರೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ.