ರಾತ್ರಿ ಬೆಕ್ಕು ಒಳಗಿರಬೇಕಾ, ಹೊರಗಾ? ಪಶುವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಸದಸ್ಯೆ):
ಡಾಕ್ಟ್ರೇ, ನಮಸ್ಕಾರ. ನಮ್ಮದು ತೋಟದ ಮನೆ. ಎರಡು ವರ್ಷದ ಗಂಡು ಬೆಕ್ಕಿದೆ, ಹೆಸರು ಕರಿಯ. ಹಗಲೆಲ್ಲ ಅಡಿಕೆ ಚೀಲದ ಮೇಲೆ ಬಿದ್ದುಕೊಂಡಿರುತ್ತದೆ. ರಾತ್ರಿ ಅದರ ಊಟ ಮುಗಿದ ಕೂಡಲೇ ಹೊರಟರೆ ಬರುವುದು ಬೆಳಗಿನ ಜಾವ, ಹಾಲು ಕರೆಯುವ ಹೊತ್ತಿಗೆ. ಹೋದ ವಾರ ಎರಡು ದಿನ ಬರಲೇ ಇಲ್ಲ. ಮೂರನೇ ದಿನ ಬಂದಾಗ ಕೆನ್ನೆ ಊದಿತ್ತು, ತಟ್ಟೆ ಮೂಸಿ ನೋಡಲಿಲ್ಲ. ಇಲ್ಲಿನ ಆಸ್ಪತ್ರೆಯಲ್ಲಿ ಕೀವು ತೆಗೆದು ಇಂಜೆಕ್ಷನ್ ಕೊಟ್ಟರು. ಈಗ ಪರವಾಗಿಲ್ಲ. ಇನ್ನು ಮೇಲೆ ರಾತ್ರಿ ಒಳಗೇ ಕೂಡೋಣ ಅಂತ ಮಗಳ ಹಟ. ಅತ್ತೆ ಮಾತ್ರ, "ಬೆಕ್ಕನ್ನ ಯಾರಾದ್ರೂ ಕೂಡಿ ಹಾಕ್ತಾರೇನೇ, ಅದೇನು ಕರುವಾ?" ಅಂತಾರೆ. ಒಂದು ರಾತ್ರಿ ಬಾಗಿಲು ಹಾಕಿ ನೋಡಿದೆವು. ಕಾಲು ಸುಟ್ಟ ಬೆಕ್ಕಿನ ಹಾಗೆ ಅಂತಾರಲ್ಲ, ಅದನ್ನು ಕಣ್ಣಾರೆ ಕಂಡೆವು. ಮೂರು ಗಂಟೆಗೆ ಮಾವನವರೇ ಎದ್ದು ಬಾಗಿಲು ತೆಗೆದರು. ಯಾರ ಮಾತು ಸರಿ?

ಉತ್ತರ:
ಮಗಳ ಮಾತೇ ಸರಿ ಅಮ್ಮ. ಆದರೆ ಅತ್ತೆಯವರ ಮಾತಿನಲ್ಲೂ ಸತ್ಯ ಇದೆ. ಎರಡು ವರ್ಷ ರಾತ್ರಿ ತಿರುಗಿದ ಪ್ರಾಣಿಯನ್ನು ಒಂದೇ ದಿನಕ್ಕೆ ಕೂಡಿ ಹಾಕಿದರೆ ಅದು ಮನೆಯವರನ್ನು ಮಲಗಲು ಬಿಡುವುದಿಲ್ಲ.

ಮೊದಲು ಆ ಕೆನ್ನೆಯ ವಿಷಯ. ಅದು ಬೇರೆ ಗಂಡು ಬೆಕ್ಕು ಕಚ್ಚಿದ್ದು ಅಂತ ಹೆಚ್ಚುಕಡಿಮೆ ನಿಶ್ಚಯವಾಗಿ ಹೇಳಬಹುದು. ಬೆಕ್ಕಿನ ಹಲ್ಲು ಸೂಜಿಯ ಹಾಗೆ ಇರುತ್ತದೆ. ಚುಚ್ಚಿದ ತೂತು ಬೇಗ ಮುಚ್ಚಿಕೊಳ್ಳುತ್ತದೆ, ಒಳಗೆ ಹೋದ ಕೊಳೆ ಅಲ್ಲೇ ಉಳಿದು ಎರಡು ಮೂರು ದಿನದಲ್ಲಿ ಕೀವಾಗುತ್ತದೆ. ಆಗಲೇ ನಮ್ಮ ಕಣ್ಣಿಗೆ ಬೀಳುವುದು. ಮುಂದೆ ಹೀಗಾದರೆ ಮನೆಯಲ್ಲೇ ಹಿಚುಕಬೇಡಿ. ಡೆಟಾಲ್ ಹಾಕಬೇಡಿ, ನೆಕ್ಕಿಕೊಂಡರೆ ಬೆಕ್ಕಿಗೆ ವಿಷ. ಜ್ವರ ಅಂತ ಪ್ಯಾರಾಸಿಟಮಾಲ್ ಅಂತೂ ಚೂರು ಕೂಡ ಕೊಡಬೇಡಿ. ನಮಗೆ ಮದ್ದು, ಬೆಕ್ಕಿಗೆ ಸಾವು. ಒಂದೇ ಮಾತ್ರೆ ಸಾಕು.

ಕಚ್ಚಾಟ ಶುರುವಾಗುವುದು ಹೆಣ್ಣಿಗಾಗಿ, ಜಾಗಕ್ಕಾಗಿ. ಹಾಗಾಗಿ ಬಾಗಿಲು ಹಾಕುವುದಕ್ಕಿಂತ ಮೊದಲು ಕರಿಯನಿಗೆ ಸಂತಾನಹರಣ ಆಪರೇಷನ್ ಮಾಡಿಸಿ. ಗಂಡು ಬೆಕ್ಕಿಗೆ ಅದು ಸಣ್ಣ ಕೆಲಸ, ಬೆಳಿಗ್ಗೆ ಕರೆದುಕೊಂಡು ಹೋದರೆ ಸಂಜೆಗೆ ಮನೆ. ಕೆಲವು ವಾರಗಳಲ್ಲಿ ಅಲೆದಾಟ, ಜಗಳ, ಗೋಡೆಗೆ ಮೂತ್ರ ಹಾರಿಸುವುದು ಬಹುಪಾಲು ಬೆಕ್ಕುಗಳಲ್ಲಿ ಕಡಿಮೆಯಾಗುತ್ತದೆ. ಇದನ್ನು ಮಾಡಿಸದೆ ಬಾಗಿಲು ಹಾಕಿದರೆ ಮಾವನವರಿಗೆ ದಿನಾ ಮೂರು ಗಂಟೆಗೆ ಜಾಗರಣೆ.

ಎರಡನೆಯದು ಊಟ. ಕರಿಯನಿಗೆ ರಾತ್ರಿ ಏನು ಹಾಕುತ್ತೀರಿ ಅಂತ ಬರೆದಿಲ್ಲ. ಹಾಲು ಅನ್ನ ಅಂತ ನನ್ನ ಊಹೆ. ಅದನ್ನು ತಿಂದ ಬೆಕ್ಕಿನ ಹೊಟ್ಟೆ ತುಂಬುತ್ತದೆ, ಮೈಗೆ ಬೇಕಾದ್ದು ಸಿಗುವುದಿಲ್ಲ. ಆಮೇಲೆ ಅದು ಬೇಟೆಗೆ ಹೋಗದೆ ಇನ್ನೇನು ಮಾಡುತ್ತದೆ? ಇನ್ನೊಂದು ಎಡವಟ್ಟು ನೋಡಿ: ನೀವು ಊಟ ಹಾಕಿ ಆಮೇಲೆ ಬಾಗಿಲು ಹಾಕುತ್ತೀರಿ. ಹೊಟ್ಟೆ ತುಂಬಿದ ಬೆಕ್ಕಿಗೆ ಒಳಗಿರಲು ಕಾರಣವೇ ಇಲ್ಲ. ಉಲ್ಟಾ ಮಾಡಿ. ಸಂಜೆ ನಾಲ್ಕರ ಮೇಲೆ ಏನೂ ಕೊಡಬೇಡಿ. ದೀಪ ಹಚ್ಚುವ ಹೊತ್ತಿಗೆ ತಟ್ಟೆ ಬಡಿದು ಕರೆಯಿರಿ. ಒಳಗೆ ಬಂದ ಮೇಲೆ ಬಾಗಿಲು ಹಾಕಿ, ಆಮೇಲೆ ಊಟ. ದಿನಾ ಅದೇ ಹೊತ್ತು, ಅದೇ ಸದ್ದು. ಬೆಕ್ಕಿಗೆ ಗಡಿಯಾರ ಬೇಕಿಲ್ಲ. ಮೊದಲ ನಾಲ್ಕು ದಿನ ಒಂದೆರಡು ಗಂಟೆ ಮಾತ್ರ ಒಳಗಿಡಿ, ಹಾಗೇ ಹೆಚ್ಚಿಸುತ್ತಾ ಹೋಗಿ. ಎರಡು ವಾರ ಹಿಡಿಯಬಹುದು. ಮಧ್ಯರಾತ್ರಿ ಕೂಗಿದಾಗ ಮಾತ್ರ ಎದ್ದು ತೆಗೆಯಬೇಡಿ. ಒಂದು ಸಲ ತೆಗೆದರೆ, ಎಷ್ಟು ಹೊತ್ತು ಕೂಗಿದರೆ ಬಾಗಿಲು ತೆರೆಯುತ್ತದೆ ಅನ್ನುವುದನ್ನು ಅದು ಕಲಿತುಬಿಡುತ್ತದೆ.

ಪ್ರಶ್ನೆ (ಅದೇ ಸದಸ್ಯೆ):
ಹಾಲನ್ನವೇ ಡಾಕ್ಟ್ರೇ! ಹೇಗೆ ಗೊತ್ತಾಯ್ತು? ನಮ್ಮಲ್ಲಿ ಮೀನು ಮಾಂಸ ಮನೆಗೆ ತರುವುದಿಲ್ಲ. ಇನ್ನೊಂದು ಕಷ್ಟ, ನಮ್ಮದು ಹೆಂಚಿನ ಮನೆ. ಬಾಗಿಲು ಹಾಕಿದರೂ ಮಾಡಿನ ಸಂದಿಯಲ್ಲಿ ಹೊರಗೆ ಹೋಗುತ್ತದೆ.

ಉತ್ತರ:
ನಾನೂ ಹೆಂಚಿನ ಮನೆಯಲ್ಲೇ ಬೆಳೆದವನು, ಅದಕ್ಕೇ ಗೊತ್ತಾಯ್ತು.

ಬೆಕ್ಕು ಮಾಂಸ ತಿಂದೇ ಬದುಕುವ ಪ್ರಾಣಿ. ಟಾರೀನ್ ಅನ್ನುವ ಒಂದು ಅಂಶ ಅದಕ್ಕೆ ಊಟದಿಂದಲೇ ಸಿಗಬೇಕು. ಸಿಗದೇ ಹೋದರೆ ಕಾಲಕ್ರಮದಲ್ಲಿ ಕಣ್ಣು, ಹೃದಯ ಎರಡೂ ಕೆಡುತ್ತವೆ. ಹಾಲನ್ನದಲ್ಲಿ ಅದು ಸಾಲದು. ಸಾಲದ್ದಕ್ಕೆ ದೊಡ್ಡ ಬೆಕ್ಕುಗಳಿಗೆ ಹಾಲು ಸರಿಯಾಗಿ ಜೀರ್ಣವೂ ಆಗುವುದಿಲ್ಲ. ಇಷ್ಟು ದಿನ ಕರಿಯನ ಕಣ್ಣು ಕಾಪಾಡಿದ್ದು ನಿಮ್ಮ ತೋಟದ ಇಲಿಗಳು! ಮನೆಯಲ್ಲಿ ಬೇಯಿಸುವುದು ಬೇಡ ಅಂದರೆ ಅಂಗಡಿಯಲ್ಲಿ ಬೆಕ್ಕಿನ ಒಣ ಆಹಾರದ ಪ್ಯಾಕೆಟ್ ಸಿಗುತ್ತದೆ. ಅದರಲ್ಲೂ ಮೀನು, ಕೋಳಿ ಇರುತ್ತದೆ, ಮುಚ್ಚಿಟ್ಟು ಹೇಳುವುದಿಲ್ಲ. ಆದರೆ ಅಡುಗೆಮನೆಗೆ ಬರಬೇಕಿಲ್ಲ, ಜಗಲಿಯ ಮೂಲೆಯಲ್ಲಿ ಡಬ್ಬಿ ಇಟ್ಟುಕೊಳ್ಳಬಹುದು. ನಾಯಿಯ ಪ್ಯಾಕೆಟ್ ತರಬೇಡಿ. ಪಕ್ಕದಲ್ಲಿ ನೀರು ಯಾವಾಗಲೂ ಇರಲಿ.

ಇಡೀ ಮನೆ ಮುಚ್ಚಲು ಹೋಗಬೇಡಿ, ಆಗದ ಕೆಲಸ. ಮೇಲೆ ಹಲಗೆ ಹೊದಿಸಿದ ಒಂದು ಕೋಣೆ ಸಾಕು. ಉಗ್ರಾಣ ಹಾಗಿದ್ದರೆ ಅದೇ ಒಳ್ಳೆಯದು. ಒಂದು ಗೋಣಿಚೀಲ, ಎತ್ತರದಲ್ಲಿ ಹತ್ತಿ ಕೂರಲು ಜಾಗ, ಒಂದು ಹಳೇ ಬಾಂಡ್ಲಿಯಲ್ಲಿ ಮರಳು. ಬಾಂಡ್ಲಿ ಊಟದ ತಟ್ಟೆಯಿಂದ ದೂರ ಇರಲಿ. ನಾವೂ ಹಾಗೇ ಅಲ್ವಾ?

ಪ್ರಶ್ನೆ (ಸಿರಸಿಯ ಸದಸ್ಯರು):
ಕ್ಷಮಿಸಿ ಡಾಕ್ಟ್ರೇ, ಇದೆಲ್ಲ ಪೇಟೆಯವರ ಲೆಕ್ಕ ಅನ್ನಿಸುತ್ತದೆ. ನಾವು ಬೆಕ್ಕು ಸಾಕುವುದೇ ಇಲಿಗೆ. ರಾತ್ರಿ ಕೂಡಿಟ್ಟರೆ ಇಲಿ ಹಿಡಿಯುವವರು ಯಾರು? ನಮ್ಮ ಹಳೇ ಬೆಕ್ಕು 12 ವರ್ಷ ಹೊರಗೇ ತಿರುಗಿತು, ಏನೂ ಆಗಲಿಲ್ಲ.

ಉತ್ತರ:
ಇಲಿ ಎಲ್ಲಿದೆಯೋ ಅಲ್ಲೇ ಬೆಕ್ಕನ್ನು ಕೂಡಿ. ನಿಮ್ಮ ಭತ್ತ, ಅಡಿಕೆ ಇರುವುದು ಉಗ್ರಾಣದಲ್ಲಿ. ಬೆಕ್ಕು ರಾತ್ರಿಯಿಡೀ ಇರುವುದು ಪಕ್ಕದವರ ತೋಟದಲ್ಲಿ. ನಿಮ್ಮ ಊಟ ತಿಂದು ಅವರ ಇಲಿ ಹಿಡಿಯುತ್ತಿದೆ!

12 ವರ್ಷದ ಬೆಕ್ಕಿನ ಬಗ್ಗೆ ಸಂತೋಷ. ಆದರೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ 12 ವರ್ಷದಲ್ಲಿ ನಿಮ್ಮ ಮನೆಯಲ್ಲಿ ಬೇರೆ ಎಷ್ಟು ಬೆಕ್ಕು ಬಂದು ಹೋದವು? "ಎಲ್ಲೋ ಹೋಯಿತು, ಬರಲಿಲ್ಲ" ಅಂತ ಮರೆತವು ಎಷ್ಟು? ಉಳಿದದ್ದರ ಕಥೆ ಹೇಳುತ್ತೇವೆ, ಉಳಿಯದವು ಲೆಕ್ಕಕ್ಕೇ ಇಲ್ಲ.

ನಮ್ಮ ಮನೆಯದ್ದೇ ಹೇಳುತ್ತೇನೆ. ಒಂದು ಹೆಣ್ಣು ಬೆಕ್ಕಿತ್ತು. ರಾತ್ರಿ ಬಿಡುತ್ತಿದ್ದೆವು, ನಾನು ಡಾಕ್ಟರಾಗಿಯೂ. ಒಂದು ದಿನ ಸುಮ್ನೆ ಮಲಗಿತ್ತು. ಸೆಖೆಗೆ ಇರಬೇಕು ಅಂದುಕೊಂಡೆ. ಮರುದಿನವೂ ಹಾಗೇ. ಅವತ್ತು ಒಂದು ಎಮ್ಮೆಯ ಹೆರಿಗೆ ಕಷ್ಟವಾಗಿ ಹಳ್ಳಿಗೆ ಹೋಗಿದ್ದೆ, ಬರುವಾಗ ರಾತ್ರಿ. ಮೂರನೇ ದಿನ ಬೆಳಿಗ್ಗೆ ಎತ್ತಿಕೊಂಡು ವಸಡು ನೋಡಿದರೆ ಬಿಳಿ ಕಾಗದದ ಹಾಗಿತ್ತು. ಅಕ್ಕಪಕ್ಕದಲ್ಲಿ ಯಾರೋ ಇಲಿ ಪಾಷಾಣ ಇಟ್ಟಿದ್ದರು. ಬ್ರೋಮಾಡಿಯೋಲೋನ್ ಅಂತ ಬರುತ್ತದೆ, ನೀಲಿ ಅಥವಾ ಕೆಂಪು ಬಿಲ್ಲೆ. ಅದನ್ನು ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಮಂಕಾಗಿ ತಿರುಗುತ್ತದೆ. ಅಂಥ ಇಲಿ ಬೆಕ್ಕಿಗೆ ಸುಲಭದ ತುತ್ತು. ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ, ಒಳಗೇ ರಕ್ತ ಸೋರುತ್ತದೆ. ಕೆಲವು ದಿನ ಹೊರಗೆ ಏನೂ ಕಾಣಿಸುವುದಿಲ್ಲ. ವಿಟಮಿನ್ ಕೆ1 ಇದಕ್ಕೆ ಮದ್ದು. ಬೇಗ ಶುರು ಮಾಡಿ ವಾರಗಟ್ಟಲೆ ಕೊಟ್ಟರೆ ಉಳಿಯುತ್ತದೆ. ನಾನು ತಡ ಮಾಡಿದ್ದೆ. ಜಿಂಕ್ ಫಾಸ್ಫೈಡ್ ಅನ್ನುವ ಇನ್ನೊಂದು ಪಾಷಾಣಕ್ಕೆ ಅಂತೂ ಮದ್ದೇ ಇಲ್ಲ. ನಿಮ್ಮ ಮನೆಯಲ್ಲಿ ಬೆಕ್ಕಿದ್ದರೆ ಪಾಷಾಣ ಇಡಬೇಡಿ. ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿಡಿ.

ಇದರ ಮೇಲೆ ನಿಮ್ಮ ಕಡೆ ಕಟ್ಟುಹಾವು, ಕೊಳಕುಮಂಡಲ ಓಡಾಡುವುದು ರಾತ್ರಿಯೇ. ಬೆಕ್ಕು ಹಾವಿನ ಜೊತೆ ಆಟಕ್ಕೆ ನಿಲ್ಲುತ್ತದೆ. ಹಾವನ್ನು ಬಾಯಲ್ಲಿ ಕಚ್ಚಿಕೊಂಡು ಮಲಗುವ ಕೋಣೆಗೇ ತಂದ ಬೆಕ್ಕುಗಳ ಕಥೆ ಈ ಗುಂಪಿನಲ್ಲೇ ಹತ್ತು ಜನ ಹೇಳಬಲ್ಲರು. ಚಿರತೆಯ ವಿಷಯ ಸಿರಸಿಯವರಿಗೆ ನಾನು ಹೇಳಬೇಕಾ? ನಾಯಿಗೆ ಅಂತ ಅಂಗಳಕ್ಕೆ ಬಂದದ್ದು ಬೆಕ್ಕು ಸಿಕ್ಕರೆ ಬಿಡುವುದಿಲ್ಲ.

ಪ್ರಶ್ನೆ (ಬೆಂಗಳೂರು, ನಾಲ್ಕನೇ ಮಹಡಿ):
ಸರ್, ನಮ್ಮದು ಒಳಗೇ ಇರುವ ಬೆಕ್ಕು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮನೆಯೆಲ್ಲ ಓಡುತ್ತದೆ, ನನ್ನ ಕಾಲು ಕಚ್ಚುತ್ತದೆ. ರಾತ್ರಿ ಬಾಲ್ಕನಿಗೆ ಬಿಡಲಾ?

ಉತ್ತರ:
ನೆಟ್ ಹಾಕಿದ್ದರೆ ಬಿಡಿ, ಇಲ್ಲದಿದ್ದರೆ ಬೇಡ. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೇ ನಿಲ್ಲುತ್ತದೆ ಅನ್ನುವುದು ಅರ್ಧ ಸತ್ಯ. ಕಾಲ ಮೇಲೆ ಬಿದ್ದೇ ದವಡೆ ಒಡೆದುಕೊಂಡು, ಎದೆಗೆ ಪೆಟ್ಟಾಗಿ ಬರುತ್ತವೆ. ಕಂಬಿಯ ಮೇಲೆ ಪಾರಿವಾಳ ಕೂತರೆ ಬೆಕ್ಕಿಗೆ ನಾಲ್ಕನೇ ಮಹಡಿ ನೆನಪಿರುವುದಿಲ್ಲ. ಪಾರಿವಾಳಕ್ಕೆ ಹಾಕಿಸುವ ನೆಟ್ ಬೆಕ್ಕಿನ ಹಲ್ಲಿಗೂ ತಡೆಯುವಷ್ಟು ಗಟ್ಟಿ ಇದೆಯಾ ನೋಡಿಕೊಳ್ಳಿ.

ನಾಲ್ಕು ಗಂಟೆಯ ಓಟ ರೋಗವಲ್ಲ. ಬೆಕ್ಕು ಚುರುಕಾಗುವುದೇ ಮುಂಜಾವು ಮತ್ತು ಮುಸ್ಸಂಜೆಗೆ. ಮಲಗುವ ಮುಂಚೆ ಹತ್ತು ನಿಮಿಷ ದಾರಕ್ಕೆ ಗರಿ ಕಟ್ಟಿ ಎಳೆದಾಡಿಸಿ, ಏದುಸಿರು ಬರುವ ತನಕ. ಆಮೇಲೆ ಊಟ. ತಿಂದು ಮೈ ನೆಕ್ಕಿಕೊಂಡು ಮಲಗುತ್ತದೆ. ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ಕಾಲು ಕಚ್ಚಿದಾಗ ಎದ್ದು ಊಟ ಹಾಕಿದಿರೋ, ಇನ್ನು ದಿನಾ ಕಚ್ಚುತ್ತದೆ.

ಒಳಗಿರುವ ಗಂಡು ಬೆಕ್ಕುಗಳ ಬಗ್ಗೆ ಇನ್ನೊಂದು ಎಚ್ಚರಿಕೆ. ಮರಳಿನ ಡಬ್ಬಿಗೆ ಪದೇ ಪದೇ ಹೋಗಿ ಕೂತು, ಮೂತ್ರ ಬಾರದೆ ಅರಚಿದರೆ ಬೆಳಗಾಗಲಿ ಅಂತ ಕಾಯಬೇಡಿ. ಮೂತ್ರ ಕಟ್ಟಿದರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಮೈ ಬೆಳೆದ, ನೀರು ಕಡಿಮೆ ಕುಡಿಯುವ ಒಳಮನೆಯ ಬೆಕ್ಕುಗಳಲ್ಲೇ ಇದು ಜಾಸ್ತಿ. ಒಳಗಿಟ್ಟರೆ ಎಲ್ಲ ಕ್ಷೇಮ ಅಂತ ನಾನು ಹೇಳುವುದಿಲ್ಲ. ಒಳಗಿಟ್ಟ ಬೆಕ್ಕಿನ ಜೊತೆ ಆಡಬೇಕು, ಅದರ ಡಬ್ಬಿ ದಿನಾ ನೋಡಬೇಕು.

ಪ್ರಶ್ನೆ (ಮೈಸೂರು):
ನಮ್ಮ ಕೊತ್ತಿ ಗುಬ್ಬಿ, ಅಳಿಲು ಹಿಡಿದು ತರುತ್ತೆ. ಪಾಪ ಅನ್ನಿಸುತ್ತೆ. ಕೊರಳಿಗೆ ಗೆಜ್ಜೆ ಕಟ್ಟಿದರೆ ಆಗುತ್ತಾ?

ಉತ್ತರ:
ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಗಾದೆ. ಕಟ್ಟಿದವರಿಗೂ ದೊಡ್ಡ ಲಾಭವಿಲ್ಲ! ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. ಗಂಟೆಯಿಂದ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮಾಂಸದ ಅಂಶ ಹೆಚ್ಚಿರುವ ಊಟ ಕೊಟ್ಟಾಗ ಮನೆಗೆ ತರುವ ಬೇಟೆ ಶೇ. 36ರಷ್ಟು, ದಿನಾ ಐದು ಹತ್ತು ನಿಮಿಷ ಆಟ ಆಡಿಸಿದಾಗ ಶೇ. 25ರಷ್ಟು ಕಡಿಮೆಯಾಯಿತು. ಆದರೆ ಗುಬ್ಬಿ, ಅಳಿಲು ಹಗಲಿನ ಜೀವಿಗಳು, ರಾತ್ರಿ ಬಾಗಿಲು ಹಾಕಿದ ಮಾತ್ರಕ್ಕೆ ಅವು ಉಳಿಯುವುದಿಲ್ಲ. ಬೆಳಿಗ್ಗೆ ಬೆಕ್ಕನ್ನು ಸ್ವಲ್ಪ ತಡವಾಗಿ ಬಿಡಿ.

ಪ್ರಶ್ನೆ (ಆಸ್ಟ್ರೇಲಿಯಾದ ಕ್ಯಾನ್‌ಬೆರಾದಿಂದ):
ಇಲ್ಲಿ ಬೆಕ್ಕನ್ನು ಹೊರಗೆ ಬಿಟ್ಟರೆ ದಂಡ ಅಂತ ಪಕ್ಕದವರು ಹೆದರಿಸುತ್ತಾರೆ. ನಿಜವಾ? ಮರಿ ತರಬೇಕು ಅಂತಿದ್ದೇವೆ.

ಉತ್ತರ:
ನಿಜ. ನಿಮ್ಮಲ್ಲಿ 2022ರ ಜುಲೈ 1ರಿಂದ ಈಚೆಗೆ ಹುಟ್ಟಿದ ಬೆಕ್ಕುಗಳನ್ನು ಹಗಲೂ ರಾತ್ರಿಯೂ ಸ್ವಂತ ಆವರಣದಲ್ಲೇ ಇಟ್ಟುಕೊಳ್ಳಬೇಕು. ಅಲ್ಲಿನ ಸಣ್ಣ ಪ್ರಾಣಿ ಪಕ್ಷಿಗಳು ಬೆಕ್ಕಿನ ಜೊತೆ ಬೆಳೆದು ಬಂದವಲ್ಲ, ಯುರೋಪಿನವರು ತಂದ ಮೇಲೆ ಬಂದ ಶತ್ರು ಅದು. ಮರಿಯನ್ನು ಮೊದಲ ದಿನದಿಂದಲೇ ಒಳಗೆ ಬೆಳೆಸಿದರೆ ಅದಕ್ಕೆ ಹೊರಗಿನ ಹಂಬಲ ಅಷ್ಟು ಇರುವುದಿಲ್ಲ. ಕರಿಯನ ಕಷ್ಟ ನಿಮಗಿಲ್ಲ.

ಪ್ರಶ್ನೆ (ಹಾಸನ):
ಸೊಸೆ ಬಸುರಿ. ಬೆಕ್ಕು ಒಳಗೆ ಮಲಗಿದರೆ ಮಗುವಿಗೆ ತೊಂದರೆ, ಯಾರಿಗಾದರೂ ಕೊಟ್ಟುಬಿಡಿ ಅಂತಾರೆ ಎಲ್ಲರೂ.

ಉತ್ತರ:
ಕೊಡಬೇಡಿ. ಟಾಕ್ಸೋಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿಯ ಭಯ ಅದು. ಇಲಿ, ಹಕ್ಕಿ, ಹಸಿ ಮಾಂಸ ತಿಂದು ಬೆಕ್ಕಿಗೆ ಬರುತ್ತದೆ, ಮಲದಲ್ಲಿ ಕೆಲವು ವಾರ ಹೊರಬೀಳುತ್ತದೆ. ಬಿದ್ದ ಕೂಡಲೇ ಅದು ಅಂಟುವುದಿಲ್ಲ, ಒಂದು ದಿನವಾದರೂ ಬೇಕು. ಹಾಗಾಗಿ ಮರಳಿನ ಡಬ್ಬಿಯನ್ನು ದಿನಾ ತೆಗೆಯಬೇಕು, ಸೊಸೆ ಬಿಟ್ಟು ಬೇರೆ ಯಾರಾದರೂ. ನಿಮ್ಮ ಮಗನೇ ತೆಗೆಯಲಿ. ಬೆಕ್ಕು ಒಳಗಿದ್ದು ಬೇಟೆ ನಿಲ್ಲಿಸಿದರೆ ಅಪಾಯ ಇನ್ನೂ ಕಡಿಮೆ. ತೋಟದ ಮಣ್ಣು ಮುಟ್ಟಿದರೆ ಕೈ ತೊಳೆಯಲಿ, ಸೊಪ್ಪು ತರಕಾರಿ ಚೆನ್ನಾಗಿ ತೊಳೆಯಲಿ. ಹೆರಿಗೆ ಡಾಕ್ಟರ ಹತ್ತಿರವೂ ಒಂದು ಮಾತು ಕೇಳಿಕೊಳ್ಳಿ.

ಪ್ರಶ್ನೆ (ತೀರ್ಥಹಳ್ಳಿ ಸದಸ್ಯೆ, ಐದು ವಾರದ ನಂತರ):
ಡಾಕ್ಟ್ರೇ, ಆಪರೇಷನ್ ಆಯಿತು. ಉಗ್ರಾಣದಲ್ಲಿ ಮಲಗುತ್ತಿದ್ದಾನೆ. ಮೊದಲ ವಾರ ಬಾಗಿಲು ಕೆರೆದು ಬಣ್ಣವೆಲ್ಲ ಹೋಯಿತು. ಈಗ ದೀಪ ಹಚ್ಚಿದ ಕೂಡಲೇ ಅತ್ತೆಯೇ ತಟ್ಟೆ ಬಡಿದು "ಬಾರೋ ಕರಿಯಾ" ಅಂತ ಕರೆಯುತ್ತಾರೆ. ಮೊನ್ನೆ ಉಗ್ರಾಣದಲ್ಲಿ ಎರಡು ಇಲಿ ಹಿಡಿದ. ಮೂರು ಗಂಟೆಗೆ ಈಗ ಅವನು ಏಳುವುದಿಲ್ಲ, ಮಾವ ಏಳುತ್ತಾರೆ, ಅಭ್ಯಾಸ. ಕರಿಯ ಮಗಳ ಕೈಗೆ ಒಮ್ಮೆ ಪರಚಿದ, ಸ್ವಲ್ಪ ರಕ್ತ ಬಂತು. ಬೆಕ್ಕು ತಾನೇ ಅಂತ ಅರಿಶಿನ ಹಚ್ಚಿದೆವು.

ಉತ್ತರ:
ಬೆಕ್ಕು ತಾನೇ ಅನ್ನಬೇಡಿ. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ, ಬಂದ ಮೇಲೆ ಮದ್ದಿಲ್ಲ. ಕರಿಯನಿಗೆ ಆ ಲಸಿಕೆ ಹಾಕಿಸಿದ ಸುದ್ದಿ ನೀವು ಎಲ್ಲೂ ಬರೆದಿಲ್ಲ, ಇತ್ತೀಚಿನವರೆಗೆ ಹೊರಗೆ ಕಚ್ಚಾಡಿದ ಬೆಕ್ಕು ಬೇರೆ. ಕಚ್ಚಲಿ, ಪರಚಲಿ, ರಕ್ತ ಬಂದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕಿತ್ತು. ಅರಿಶಿನ, ಸುಣ್ಣ ಯಾವುದೂ ಬೇಡ. ಮಗಳನ್ನು ಇವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಎಷ್ಟು ದಿನ ಆಗಿದ್ದರೂ ಸರಿ, ಲಸಿಕೆ ಅಲ್ಲಿ ಸಿಗುತ್ತದೆ. ಕರಿಯನ ಮೇಲೆ ಹತ್ತು ದಿನ ಕಣ್ಣಿಡಿ, ಊಟ ಬಿಟ್ಟರೆ, ನಡತೆ ಬದಲಾದರೆ ಕೂಡಲೇ ತಿಳಿಸಿ. ಅವನ ಲಸಿಕೆ ಯಾವಾಗ ಹಾಕುವುದು ಅಂತ ಅಲ್ಲಿನ ಪಶುವೈದ್ಯರನ್ನು ಕೇಳಿ, ಆಮೇಲೆ ವರ್ಷಕ್ಕೊಮ್ಮೆ ತಪ್ಪಿಸಬೇಡಿ.

ಆಸ್ಪತ್ರೆಗೆ ಹೋಗಿ ಬಂದ ಮೇಲೆ ಇಲ್ಲೇ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.